ವಾಡೆಯ ಹಗೇವು ಮತ್ತೆ ತುಂಬಲಿ

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಇಂದು ಮಾರಾಟಕ್ಕಿರುವ ವಸ್ತುಗಳಲ್ಲಿ ಹೆಬ್ಬಾಗಿಲೂ ಒಂದು. ಎರಡಾಳು ಸೇರಿ ತಳ್ಳಬೇಕಾದ ಸಾಗುವಾನಿಯ ಬಾಗಿಲು ಮೊದಲು ಹೋಗುತ್ತದೆ. ಅದರ ಹಿಂದೆಯೇ ಕೆತ್ತನೆಯ ಕಂಬ, ಬೋದಿಗೆ, ತೊಲೆ, ಜಂತಿಗಳು ಹೊರಡುತ್ತವೆ. ವಾಡೆಯ ಒಂದು ಮೂಲೆ ಕುಸಿಯಿತೆಂಬ ಸುದ್ದಿ ಊರೆಲ್ಲ ಹರಡುವ ಮೊದಲೇ ಹಳೆಯ ಮರಮುಟ್ಟು ಕೊಳ್ಳುವವರು ಅಗಸಿಯ ಮುಂದೆ ಬಂದು ನಿಂತಿರುತ್ತಾರೆ. ಮರ ಹೋದ ಮೇಲೆ ಮಣ್ಣಿನ ಗೋಡೆ ಹೆಚ್ಚು ಮಳೆಗಾಲಗಳನ್ನು ತಾಳುವುದಿಲ್ಲ. ಜಾಲಿ ಬೆಳೆಯುತ್ತದೆ, ಜಾಗಕ್ಕೆ ಪಾಲುದಾರರ ವ್ಯಾಜ್ಯ ಬೆಳೆಯುತ್ತದೆ, ಕೊನೆಗೆ ಸಿಮೆಂಟಿನ ಮಳಿಗೆಗಳ ಸಾಲೊಂದು ಅಲ್ಲಿ ಎದ್ದು ನಿಲ್ಲುತ್ತದೆ.

ಇದನ್ನು ಕಂಡು ನೊಂದವರು ಈಚೆಗೆ ಒಂದು ಮಾತನ್ನು ಹೇಳತೊಡಗಿದ್ದಾರೆ. ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಸುತ್ತಲಿನ ವಾಡೆಗಳನ್ನೂ ಹಳೆಯ ಕಟ್ಟಡಗಳನ್ನೂ ದುರಸ್ತಿ ಮಾಡಬೇಕು. ಅವುಗಳಲ್ಲಿ ಬಂದವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಬೇಕು. ಮರೆತುಹೋಗುತ್ತಿರುವ ಕೃಷಿ ಮತ್ತು ಊಟದ ಪದ್ಧತಿಗಳಿಗೆ ಅಲ್ಲಿ ಮರುಜೀವ ಕೊಡಬೇಕು. ಸದುದ್ದೇಶದ ಮಾತೇ. ಅರ್ಧವನ್ನು ನಾವು ಒಪ್ಪುತ್ತೇವೆ. ಉಳಿದರ್ಧದ ಬಗ್ಗೆ ನಮ್ಮದೊಂದು ತಕರಾರಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಘಟ್ಟದ ಕಾಡು, ತೋಟ, ಹೊಳೆಗಳ ಬಗ್ಗೆ ಬರೆಯುವ ಪತ್ರಿಕೆಗೆ ಎರೆಭೂಮಿಯ ವಾಡೆಯ ಗೊಡವೆಯೇಕೆ ಎಂದು ಓದುಗರು ಕೇಳಬಹುದು. ಧಾರವಾಡವೆಂಬ ಹೆಸರಿಗೆ ಬಾಗಿಲು ಎಂಬ ಅರ್ಥದ ಮೂಲವನ್ನು ಹೇಳುವವರುಂಟು. ಹೆಸರಿನ ಮಾತು ಹಾಗಿರಲಿ, ಭೂಮಿಯ ಮಟ್ಟಿಗಂತೂ ಅದು ನಿಜವಾದ ಹೊಸ್ತಿಲು. ಅದರ ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರಗಳ ಮಸಾರಿಯಲ್ಲಿ ಕೂರಿಗೆಯಿಂದ ಬಿತ್ತುವ ಭತ್ತ. ಪೂರ್ವಕ್ಕೆ ಕುಂದಗೋಳ, ನವಲಗುಂದಗಳ ಎರೆಯಲ್ಲಿ ಜೋಳ, ಹತ್ತಿ, ಕಡಲೆ, ಕುಸುಬಿ. ಘಟ್ಟದ ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸು, ಬಿದಿರು ಇಳಿದವು. ಬಯಲಿನಿಂದ ಜೋಳ, ಮೆಣಸಿನಕಾಯಿ, ಎತ್ತು, ಕಂಬಳಿಗಳು ಹತ್ತಿ ಬಂದವು. ಬಯಲಿನ ವಾಡೆಗಳ ಕಂಬಗಳಿಗೆ ಬೇಕಾದ ಸಾಗುವಾನಿ ಹಳಿಯಾಳ, ದಾಂಡೇಲಿ ಕಡೆಯ ಕಾಡುಗಳಲ್ಲಿ ಬೆಳೆದದ್ದು. ಗಾರೆಗೆ ಬೆರೆಸುತ್ತಿದ್ದ ಅಳಲೆಕಾಯಿಯೂ ಕಾಡಿನದೇ. ಆ ಮನೆಗಳಲ್ಲಿ ನಮ್ಮ ಕಾಡೂ ನಿಂತಿದೆ ಎಂದರೆ ತಪ್ಪಾಗದು. ಅದು ಕಾಡಿಗೆ ಹಿತವಾದ ವ್ಯವಹಾರವಾಗಿತ್ತೇ ಎಂಬುದು ಬೇರೆಯೇ ಚರ್ಚೆ. ಆದರೆ ಒಮ್ಮೆ ಕಡಿದ ಮರ ಒಂದು ಮನೆಯಲ್ಲಿ ನೂರು ವರ್ಷ ಬಾಳುವುದಕ್ಕೂ ಯಾರದೋ ಬೈಠಕ್ ಕೋಣೆಯ ಅಲಂಕಾರವಾಗುವುದಕ್ಕೂ ವ್ಯತ್ಯಾಸವಿದೆ.

ವಾಡೆಯೆಂದರೆ ಏನೆಂಬುದನ್ನು ಮೊದಲು ನೆನೆಯಬೇಕು. ಕಟ್ಟಡಶಾಸ್ತ್ರದವರು ಅದರ ಕಮಾನುಗಳನ್ನೂ ಕೆತ್ತನೆಗಳನ್ನೂ ವರ್ಣಿಸುತ್ತಾರೆ. ಅದರ ಒಳಗನ್ನು ರೂಪಿಸಿದ್ದು ಮಾತ್ರ ಒಕ್ಕಲುತನ. ಹೆಬ್ಬಾಗಿಲು ಅಷ್ಟು ಅಗಲವಾಗಿದ್ದುದು ಚಕ್ಕಡಿ ಒಳಗೆ ಬರಲಿ ಎಂದು. ಬಾಗಿಲು ದಾಟಿದೊಡನೆ ಸಿಗುವುದು ದನ ಕಟ್ಟುವ ದಂದಕ್ಕಿ. ಅದಕ್ಕಿಂತ ಮೊಳದೆತ್ತರದಲ್ಲಿ ಮನುಷ್ಯರು ಕೂಡುವ ಪಡಸಾಲೆ. ರಾತ್ರಿ ಎತ್ತು ಉಸಿರೆಳೆದದ್ದು ಯಜಮಾನನಿಗೆ ಕೇಳಿಸಬೇಕು, ಹಾಗಿತ್ತು ಆ ಏರ್ಪಾಡು. ಮೇಲೆ ಮಣ್ಣಿನ ಮಾಳಿಗೆ: ಜಂತಿಗಳ ಮೇಲೆ ಕಟ್ಟಿಗೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಕೆಳಗಿಳಿಯಗೊಡದ ಕರಲು ಮಣ್ಣು. ಪ್ರತಿವರ್ಷ ಮಳೆಗೆ ಮುಂಚೆ ಈ ಮಣ್ಣನ್ನು ಹೊಸದಾಗಿ ಹರಡಬೇಕು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿತು, ಹಪ್ಪಳ ಒಣಗಿತು, ಬೀಜಕ್ಕೆಂದು ಆರಿಸಿದ ತೆನೆ ಒಣಗಿತು. ಬೆಳಕಿಂಡಿಯ ಕೆಳಗೆ ಬೀಸುವ ಕಲ್ಲು, ಗೋಡೆಗೊರಗಿ ಒನಕೆ, ಕತ್ತಲೆಯ ಕೋಣೆಯಲ್ಲಿ ಆಳೆತ್ತರದ ಗುಮ್ಮಿಗಳು. ಬೀಜದ ಕಾಳನ್ನು ಬೂದಿ, ಬೇವಿನ ಸೊಪ್ಪಿನೊಡನೆ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿ ಮೆತ್ತುವ ಕೆಲಸ ಮನೆಯ ಹಿರಿಯ ಹೆಂಗಸಿನದು. ಯಾವ ಗಡಿಗೆಯಲ್ಲಿ ಯಾವುದಿದೆಯೆಂಬುದು ಅವಳಿಗಷ್ಟೇ ಗೊತ್ತು.

ಈ ಎಲ್ಲದರ ಕೆಳಗೆ, ನೆಲದೊಳಗೆ, ಹಗೇವು. ಮಲೆನಾಡಿನ ಕಣಜವನ್ನು ಮಾತ್ರ ಬಲ್ಲ ನಮ್ಮ ಓದುಗರಿಗಾಗಿ ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ನೆಲದಲ್ಲಿ ಹಳ್ಳ ತೋಡಿ ಕಾಳು ಹಾಕಿದರೆ ವಾರದೊಳಗೆ ಮೊಳಕೆ ಬಂದೀತು. ಒಣನಾಡಿನಲ್ಲಿ ಗಟ್ಟಿ ನೆಲವನ್ನು ಆರಿಸಿ, ಕೆಳಗೆ ಹೊಟ್ಟೆಯಗಲವಾಗಿ ಮೇಲೆ ಬಾಯಿ ಕಿರಿದಾಗಿ ಅಗೆದು, ತಳಕ್ಕೂ ಪಕ್ಕಕ್ಕೂ ಜೋಳದ ದಂಟು, ಹುಲ್ಲು ಹಾಸಿ, ಒಣಗಿದ ಜೋಳವನ್ನು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಉಳಿದ ಗಾಳಿಯ ಪ್ರಾಣವಾಯುವನ್ನು ಕಾಳೇ ಉಸಿರಾಡಿ ಮುಗಿಸುತ್ತದೆ. ಆಮೇಲೆ ಅಲ್ಲಿ ಹುಳಕ್ಕೆ ಬದುಕಿಲ್ಲ. ಒಂದು ತೊಟ್ಟು ಔಷಧವಿಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ತೆಗೆಯುವಾಗ ಮಾತ್ರ ಎಚ್ಚರಿಕೆ ಬೇಕು. ಮುಚ್ಚಳ ಸರಿಸಿದೊಡನೆ ಇಳಿಯುವಂತಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದನ್ನು ಲೆಕ್ಕಿಸದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಗೇವಿನ ಜೋಳಕ್ಕೆ ತನ್ನದೇ ಒಂದು ಹುಳಿವಾಸನೆ. ಅದರ ರೊಟ್ಟಿಯನ್ನು ಬಯಸಿ ತಿನ್ನುವವರೂ ಇದ್ದರು, ಮೂಗು ಮುರಿಯುವವರೂ ಇದ್ದರು.

ಇಷ್ಟು ಹೇಳಿ ವಾಡೆಯನ್ನು ಸ್ವರ್ಗವೆಂದು ಬಿಂಬಿಸುವುದು ನ್ಯಾಯವಲ್ಲ. ಹಗೇವಿನ ಕಾಳು ಬರಗಾಲದಲ್ಲಿ ಊರನ್ನು ಕಾಯಿತು. ಅದೇ ಕಾಳು ಊರನ್ನು ಸಾಲದಲ್ಲಿಯೂ ಕೆಡವಿತು. ಮುಂಗಾರಿಯಲ್ಲಿ ಒಂದು ಚೀಲ ಕಡ ತಂದವನು ಸುಗ್ಗಿಯಲ್ಲಿ ಒಂದೂವರೆ ಚೀಲ ಅಳೆದುಕೊಟ್ಟದ್ದುಂಟು. ಹೆಬ್ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆ ಕಾಳನ್ನು ಬಿತ್ತಿ, ಕೊಯ್ದು, ಹಂತಿ ಹೊಡೆದು, ತೂರಿ ತಂದುಕೊಟ್ಟವರಲ್ಲಿ ಅನೇಕರು ಹೊರಗಿನ ಕಟ್ಟೆಯನ್ನೂ ಏರುವಂತಿರಲಿಲ್ಲ. ಗೌಡಕಿ, ದೇಸಗತಿಗಳ ದರ್ಪ ಅಳಿದದ್ದು ಒಳ್ಳೆಯದೇ ಆಯಿತು. ನಮಗೆ ಬೇಕಾಗಿರುವುದು ಆ ಯಜಮಾನಿಕೆಯ ಮರುಪ್ರತಿಷ್ಠೆಯಲ್ಲ. ವಾಡೆಗಳನ್ನು ಹೊಗಳುವ ಬರಹಗಳು ಈಗ ಹೆಚ್ಚುತ್ತಿವೆ. ಅವುಗಳಲ್ಲಿ ಈ ಸಂಗತಿ ಬರದಿರುವುದನ್ನು ನಾವು ಗಮನಿಸಿದ್ದೇವೆ.

ಹಗೇವುಗಳು ಒಮ್ಮೆಗೇ ಬರಿದಾಗಲಿಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಧಾರವಾಡದ ಎರೆಯಲ್ಲಿ ಆ ದೇಶದ ಹತ್ತಿಯನ್ನು ಬೆಳೆಸುವ ಪ್ರಯೋಗ ನಡೆಸಿತು. ‘ಧಾರವಾರ್ ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ಮ್ಯಾಂಚೆಸ್ಟರಿನ ಗಿರಣಿಗಳನ್ನು ಮುಟ್ಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿಯಿತು, ಬೆಲೆ ಬಿತ್ತು. ಹನ್ನೊಂದು ವರ್ಷಗಳ ನಂತರ, 1876ರಿಂದ 1878ರವರೆಗೆ ಈ ಸೀಮೆಯನ್ನು ಮಹಾಕ್ಷಾಮ ಹಿಡಿಯಿತು. ಹತ್ತಿಯೊಂದೇ ಆ ಕ್ಷಾಮಕ್ಕೆ ಕಾರಣವೆನ್ನುವುದು ಸರಿಯಲ್ಲ. ಮಳೆ ತಪ್ಪಿತ್ತು, ಆಳುವವರ ನೀತಿ ಕಠೋರವಾಗಿತ್ತು. ಆದರೆ ಕಾಳನ್ನು ಬಿಟ್ಟು ಹಣವನ್ನು ನೆಚ್ಚಿದ ಊರಿಗೆ ಮಳೆ ತಪ್ಪಿದ ವರ್ಷ ಹಣ ಅನ್ನವಾಗುವುದಿಲ್ಲವೆಂಬುದು ಆಗ ಕಂಡಿತು. ಕ್ಷಾಮದ ಬೆನ್ನಿಗೇ ಬಂದ ಸದರ್ನ್ ಮರಾಠಾ ರೈಲು ಕಾಳನ್ನು ತರುವುದಕ್ಕೂ ಆಯಿತು, ಒಯ್ಯುವುದಕ್ಕೂ ಆಯಿತು.

ನಂತರದ ಕಥೆ ಎಲ್ಲರಿಗೂ ಗೊತ್ತಿರುವುದೇ. ಸಂಕರ ತಳಿಗಳು ಬಂದವು, ಟ್ರ್ಯಾಕ್ಟರು ಬಂದು ದಂದಕ್ಕಿ ಖಾಲಿಯಾಯಿತು, 2002ರಲ್ಲಿ ಬಿ.ಟಿ. ಹತ್ತಿಗೆ ದೇಶದಲ್ಲಿ ಅನುಮತಿ ದೊರೆಯಿತು. ಮುಂಗಾರಿ ಜೋಳದ ಜಾಗವನ್ನು ಗೋವಿನಜೋಳ ಹಿಡಿಯಿತು. ಅದು ಮನುಷ್ಯರ ತಾಟಿಗಿಂತ ಕೋಳಿ ಮೇವಿನ ಕಾರ್ಖಾನೆಗೆ ಹೆಚ್ಚು ಹೋಗುವ ಕಾಳು. ನಾಡ ಹತ್ತಿಯ ‘ಜಯಧರ’ ತಳಿ, ಕಡಿಮೆ ಮಳೆಯಲ್ಲಿಯೂ ಕೈಬಿಡದ ಬೆಳೆ, ಅಂಚಿಗೆ ಸರಿಯಿತು. ಪಡಿತರದ ಅಕ್ಕಿ ಬಡವರ ಹೊಟ್ಟೆಗೆ ಆಧಾರವಾಯಿತು. ಅದನ್ನು ಹಳಿಯುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಆದರೆ ಆ ಅಕ್ಕಿ ಈ ಮಣ್ಣಿನದಲ್ಲ ಎಂಬುದೂ ಸುಳ್ಳಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಎಷ್ಟೇ ಇಳಿದರೂ ಜೋಳ ಈ ಸೀಮೆಯ ಊಟದಿಂದ ಹೋಗಲಿಲ್ಲ. ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಇಂದಿಗೂ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಸಾವೆ, ನವಣೆ, ಬರಗು, ಹಾರಕಗಳು ಮಾತ್ರ ಒಂದೆರಡು ತಲೆಮಾರಿನೊಳಗೆ ಕಣ್ಮರೆಯಾದವು. ಏಕೆ? ಜೋಳಕ್ಕೆ ಸಿಪ್ಪೆಯ ಕಾಟವಿಲ್ಲ; ಕಣದಿಂದ ನೇರವಾಗಿ ಗಿರಣಿಗೆ ಹಾಕಿದರೆ ಹಿಟ್ಟು. ಸಾವೆ, ನವಣೆಗಳ ಕಾಳಿಗೆ ಗಟ್ಟಿ ಹೊಟ್ಟು ಅಂಟಿರುತ್ತದೆ. ಒರಳಿಗೆ ಸುರಿದು ಕುಟ್ಟಬೇಕು, ಮೊರದಲ್ಲಿ ಕೇರಬೇಕು, ಮತ್ತೆ ಕುಟ್ಟಬೇಕು, ಮತ್ತೆ ಕೇರಬೇಕು. ನಾಲ್ಕು ಜನರ ಅನ್ನಕ್ಕೆ ಇಬ್ಬರು ಹೆಂಗಸರ ಬೆಳಗಿನ ತಾಸುಗಳು ಸಲ್ಲಬೇಕು. ಊರಿಗೆ ಹಿಟ್ಟಿನ ಗಿರಣಿ ಬಂತು, ಅಕ್ಕಿಯ ಗಿರಣಿ ಬಂತು. ಸಾವೆಯ ಹೊಟ್ಟು ಬಿಡಿಸುವ ಯಂತ್ರ ಬರಲಿಲ್ಲ. ಹೆಂಗಸರು ಒನಕೆ ಕೆಳಗಿಟ್ಟರು. ಅವರು ಮಾಡಿದ್ದು ಸರಿ. ಪರಂಪರೆಯ ಅಡಿಗೆ ಮರೆತರೆಂದು ಅವರನ್ನು ದೂರುವ ಭಾಷಣಕಾರರಲ್ಲಿ ಒನಕೆ ಹಿಡಿದವರು ಎಷ್ಟು ಮಂದಿ ಇದ್ದಾರೆಂದು ಕೇಳಬೇಕೆನಿಸುತ್ತದೆ. ಮನೆಯಲ್ಲಿ ಉಣ್ಣದ ಬೆಳೆ ಹೊಲದಲ್ಲಿ ನಿಲ್ಲದು. ಸಾವೆಯ ಅನ್ನ, ನವಣೆಯ ಉಂಡಿ, ಬರಗಿನ ಕಡುಬು ಹೋದವು. ಅವುಗಳ ನಡುವೆ ಅಕ್ಕಡಿಯಾಗಿ ಬರುತ್ತಿದ್ದ ತೊಗರಿ, ಹೆಸರು, ಮಡಿಕೆ, ಗುರೆಳ್ಳು, ಪುಂಡಿಗಳೂ ತೆಳುವಾದವು. ಬೆಳೆದವನೂ ತನ್ನ ಸಾವೆಯನ್ನು ಹೊಟ್ಟು ಸಮೇತ ಮಾರಿದ. ಅದು ನಾಸಿಕದ ಗಿರಣಿಗಳಿಗೆ ಹೋಗಿ, ಅಕ್ಕಿಯಾಗಿ, ಪೊಟ್ಟಣದಲ್ಲಿ ತಿರುಗಿ ಬಂದಾಗ ಬೆಲೆ ಅವನ ಕೈಗೆಟುಕದಾಯಿತು.

ಈ ಗಂಟನ್ನು ಬಿಚ್ಚಿದವರು ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಹೆಂಗಸರು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ 2018ರಲ್ಲಿ ಹದಿನೈದು ಮಂದಿ ಸದಸ್ಯೆಯರಿಂದ ಆರಂಭವಾಯಿತು. ದೇಸಿ ಬೀಜಗಳಿಗಾಗಿ ದುಡಿಯುತ್ತ ಬಂದಿರುವ ‘ಸಹಜ ಸಮೃದ್ಧ’ ಸಂಸ್ಥೆಯ ಒತ್ತಾಸೆಯಿಂದ ಅವರು ಸಮುದಾಯ ಬೀಜ ಬ್ಯಾಂಕೊಂದನ್ನು ಕಟ್ಟಿದರು. ಸಾವೆ, ನವಣೆ, ಬರಗು ಮೊದಲಾದವುಗಳ ಬೀಜವನ್ನು ಸುತ್ತಲಿನ ಹಳ್ಳಿಗಳ ರೈತರಿಗೆ ಕೊಟ್ಟರು, ಬೆಳೆ ಬಂದ ಮೇಲೆ ಬೀಜವನ್ನು ಮರಳಿ ಪಡೆದರು. ಎಲ್ಲಕ್ಕಿಂತ ಮುಖ್ಯವಾಗಿ, ಸಿರಿಧಾನ್ಯದ ಹೊಟ್ಟು ಬಿಡಿಸಿ ಅಕ್ಕಿ ಮಾಡುವ ಘಟಕವನ್ನು ತಮ್ಮ ಊರಿನಲ್ಲಿಯೇ ನಿಲ್ಲಿಸಿದರು. ಸೆಲ್ಕೊ ಪ್ರತಿಷ್ಠಾನದ ನೆರವಿನಿಂದ ಅದು ಸೌರಶಕ್ತಿಯಿಂದ ನಡೆಯುತ್ತದೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಇಕ್ವೇಟರ್’ ಪ್ರಶಸ್ತಿಗೆ ಜಗತ್ತಿನಾದ್ಯಂತ ಆಯ್ಕೆಯಾದ ಹತ್ತು ಸಂಘಟನೆಗಳಲ್ಲಿ ಈ ಸಂಘವೂ ಒಂದು. ಪ್ರಶಸ್ತಿಯ ಮೊತ್ತ ಹತ್ತು ಸಾವಿರ ಡಾಲರು. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿ ನಾಡೆಲ್ಲ ಮೇಳಗಳು ನಡೆದವು, ಫಲಕಗಳು ಏರಿ ಇಳಿದವು. ಮೇಳ ಮುಗಿದ ಮೇಲೆಯೂ ಉಳಿದದ್ದು ಇಂಥ ಯಂತ್ರದ ಸದ್ದು.

ಅದೇ ಕುಂದಗೋಳದಲ್ಲಿ ನಾಡಿಗೇರ ವಾಡೆ ಇದೆ. ಕುಂದಗೋಳದವರೇ ಆದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಬಳಿಕ ಅವರ ಪುಣ್ಯತಿಥಿಯ ಸಂಗೀತೋತ್ಸವ ಈ ವಾಡೆಯ ಅಂಗಳದಲ್ಲಿ ನಡೆಯತೊಡಗಿತು. ಅವರ ಶಿಷ್ಯರಾದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲರು ಅಲ್ಲಿ ಹಾಡಿದರು. ಹಳ್ಳಿಯ ಒಕ್ಕಲಿಗರು ಜಮಖಾನೆಯ ಮೇಲೆ ಕೂತು ರಾತ್ರಿಯಿಡೀ ಕೇಳಿದರು. ಎಷ್ಟೋ ವಾಡೆಗಳು ಮಣ್ಣಾಗಿರುವಾಗ ಆ ಒಂದು ವಾಡೆಯ ಹೆಸರು ನಾಡಿಗೆಲ್ಲ ಗೊತ್ತಿರುವುದು ಅದರ ಕಂಬಗಳ ಕೆತ್ತನೆಯಿಂದಲ್ಲ. ವರ್ಷಕ್ಕೊಮ್ಮೆಯಾದರೂ ಅದು ಊರಿನ ಉಪಯೋಗಕ್ಕೆ ಬರುತ್ತದೆಂಬುದರಿಂದ. ಜನ ಬರುವರೆಂದು ನೆಲ ಸಾರಿಸುತ್ತಾರೆ, ಜನ ಬರುವರೆಂದು ಸೋರುವ ಮಾಳಿಗೆಗೆ ಮಣ್ಣು ಹಾಕುತ್ತಾರೆ. ಹಳೆಯ ಕಟ್ಟಡಕ್ಕೆ ಇದಕ್ಕಿಂತ ದೊಡ್ಡ ರಕ್ಷಣೆಯಿಲ್ಲ.

ಒಂದೇ ತಾಲ್ಲೂಕಿನ ಈ ಎರಡನ್ನು ಕೂಡಿಸಿ ನೋಡಬೇಕೆಂಬುದೇ ನಮ್ಮ ಮಾತು. ಒಂದೆಡೆ ಸೂರಿಲ್ಲದೆ ಗುಡಿಯ ಕಟ್ಟೆ, ಯಾರದೋ ಪಡಸಾಲೆಗಳಲ್ಲಿ ಕೆಲಸ ನಡೆಸುವ ಎಷ್ಟೋ ಬೀಜ ಸಂಘಗಳು, ಮಹಿಳಾ ಗುಂಪುಗಳು. ಇನ್ನೊಂದೆಡೆ ಕಾಳಿಗಾಗಿಯೇ ಕಟ್ಟಿದ, ಕಾಳಿಲ್ಲದೆ ಕುಸಿಯುತ್ತಿರುವ ಮನೆಗಳು. ದಪ್ಪ ಮಣ್ಣಿನ ಗೋಡೆಯ ಕತ್ತಲೆ ಕೋಣೆಗಿಂತ ತಂಪಾದ ಬೀಜದ ಉಗ್ರಾಣವನ್ನು ಯಾವ ಇಂಜಿನಿಯರೂ ಕಡಿಮೆ ಖರ್ಚಿನಲ್ಲಿ ಕಟ್ಟಿಕೊಡಲಾರ. ದಂದಕ್ಕಿಯಲ್ಲಿ ಹೊಟ್ಟು ಬಿಡಿಸುವ ಯಂತ್ರ ನಿಲ್ಲಲಿ, ಮಾಳಿಗೆಯ ಮೇಲೆ ಸೌರ ಫಲಕ ಕೂಡಲಿ, ಗುಮ್ಮಿಗಳಲ್ಲಿ ಬೀಜವಿರಲಿ, ಹಗೇವಿನಲ್ಲಿ ಊರಿನ ಪಾಲಿನ ಜೋಳವಿರಲಿ. ಪಡಸಾಲೆಯಲ್ಲಿ ಊಟ ಬಡಿಸುವುದಾದರೆ ಬಡಿಸಲಿ, ನಮ್ಮ ಅಡ್ಡಿಯಿಲ್ಲ. ಆದರೆ ಊಟ ಕೊನೆಗೆ ಬರಬೇಕು. ಬೀಜ, ಕಾಳು, ಗಿರಣಿ ಮೊದಲು. ಈ ಕ್ರಮ ತಲೆಕೆಳಗಾದರೆ, ವಾಡೆಯಲ್ಲಿ ಬಡಿಸುವ ರೊಟ್ಟಿಯ ಜೋಳ ಪೇಟೆಯ ಸಗಟು ಅಂಗಡಿಯಿಂದ ಬಂದಿರುತ್ತದೆ. ಪಕ್ಕದ ಹೊಲದಲ್ಲಿ ಗೋವಿನಜೋಳ ನಿಂತಿರುತ್ತದೆ.

ಕಟ್ಟಡವನ್ನು ಉಳಿಸಿಯೂ ಅದರ ಬದುಕನ್ನು ಉಳಿಸಲಾಗದೆಂಬುದಕ್ಕೆ ನಮ್ಮ ಕರಾವಳಿಯಲ್ಲಿಯೇ ಸಾಕ್ಷಿಯಿದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದ ವಿಜಯನಾಥ ಶೆಣೈಯವರ ಶ್ರಮಕ್ಕೆ ಎಷ್ಟು ನಮಿಸಿದರೂ ಕಡಿಮೆ. ಕೆಡವಿ ಮಾರಲಿದ್ದ ಮನೆಗಳನ್ನು ಅವರು ಕಂಬಕ್ಕೆ ಕಂಬ ಬಿಚ್ಚಿ ತಂದು ಮರುಜೋಡಿಸಿದರು. ಕುಕನೂರಿನ ಕಮಲ ಮಹಲು ಅಲ್ಲಿ ಉಳಿದಿರುವುದು ಅವರಿಂದ. ಅವರಿಲ್ಲದಿದ್ದರೆ ಅದು ಸೌದೆಯಾಗುತ್ತಿತ್ತು. ಆದರೂ ಅಲ್ಲಿ ನಡೆದಾಡುವಾಗ, ಒಲೆ ಉರಿಯದ ಮನೆಗಳ ನಡುವೆ ಇದ್ದೇವೆಂಬುದು ಮನಸ್ಸನ್ನು ಬಿಡುವುದಿಲ್ಲ. ಹುಬ್ಬಳ್ಳಿಯಿಂದ ಹಾವೇರಿಯತ್ತ ಹೋಗುವ ಹೆದ್ದಾರಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಸಿಮೆಂಟಿನ ಒಕ್ಕಲಿಗ, ಸಿಮೆಂಟಿನ ಎತ್ತು, ಸಿಮೆಂಟಿನ ಬೀಸುವ ಕಲ್ಲು ಇವೆ. ಮಕ್ಕಳು ಬೆರಗಿನಿಂದ ಮುಟ್ಟಿ ನೋಡುತ್ತಾರೆ. ಅದು ಕಲೆ, ತನ್ನ ಮಟ್ಟಿಗೆ ಸೊಗಸಾದ ಕಲೆ. ನೆನಪನ್ನು ಕಾಯುವುದು ಅದರ ಕೆಲಸ. ಕಾಳನ್ನು ಕಾಯಲು ಬೇರೆ ಮನೆ ಬೇಕು.

ಅಂಥ ಮನೆಗಳ ಸುಳಿವು ಅಲ್ಲಲ್ಲಿ ಸಿಗುತ್ತದೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಬಳಕೆಗೆ ತಂದಿತು, ಬಾಳೆನಾರಿನ ಕೈಕೆಲಸವನ್ನು ಊರಿನ ಹೆಂಗಸರ ಜೀವನೋಪಾಯವಾಗಿಸಿತು. ಮಂಡ್ಯ ಜಿಲ್ಲೆಯ ಕಿರುಗಾವಲಿನ ‘ಬಡಾ ಬಾಗ್’ ಟಿಪ್ಪುವಿನ ಕಾಲದ್ದೆಂದು ಹೇಳಲಾಗುವ ಮಾವಿನ ತೋಪು. ಅದರ ಒಡೆಯರಾದ ಸೈಯದ್ ಘನಿ ಖಾನ್ ಅಲ್ಲಿ ನೂರಾರು ಭತ್ತದ ತಳಿಗಳನ್ನು ಪ್ರತಿವರ್ಷ ಬಿತ್ತಿ ಉಳಿಸಿಕೊಂಡಿದ್ದಾರೆ. ದೂರದ ಇಟಲಿಯಲ್ಲಿ, ಪೊಲೆಂಜೊ ಎಂಬಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅರಸನೊಬ್ಬ ಮಾದರಿ ಕೃಷಿಗಾಗಿ ಕಟ್ಟಿಸಿದ ದೊಡ್ಡ ಚೌಕದ ಕಟ್ಟಡವನ್ನು ದುರಸ್ತಿ ಮಾಡಿ, 2004ರಲ್ಲಿ ‘ಸ್ಲೋ ಫುಡ್’ ಚಳವಳಿಯವರು ಆಹಾರ ವಿಜ್ಞಾನದ ವಿಶ್ವವಿದ್ಯಾಲಯವನ್ನು ತೆರೆದರು. ಶ್ರೀಮಂತರ ನಾಲಿಗೆಯ ಕೂಟವೆಂಬ ಟೀಕೆ ಆ ಚಳವಳಿಗೆ ಅಂಟಿಕೊಂಡಿದೆ. ನಾವು ಅಲ್ಲಿಂದ ಕಲಿಯಬೇಕಾದದ್ದು ಒಂದೇ: ಹಳೆಯ ಕೃಷಿ ಕಟ್ಟಡಕ್ಕೆ ಕೃಷಿಯ ಕೆಲಸವನ್ನೇ ಮರಳಿ ಕೊಟ್ಟರು.

ದುರಸ್ತಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಮಣ್ಣಿನ ಗೋಡೆ ಉಸಿರಾಡುತ್ತದೆ: ಮಳೆಗಾಲದ ತೇವವನ್ನು ಹೀರಿ ಬಿಸಿಲಿಗೆ ಬಿಡುತ್ತದೆ. ಗಟ್ಟಿಯಾಗಲೆಂದು ಅದಕ್ಕೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಸಿಮೆಂಟಿನ ಪದರದ ಹಿಂದೆ ಮಣ್ಣು ಪುಡಿಯಾಗುತ್ತದೆ. ಅಂಥ ಕೋಣೆಯಲ್ಲಿಟ್ಟ ಬೀಜ ಬೂಷ್ಟು ಹಿಡಿಯುತ್ತದೆ. ಸುಣ್ಣದ ಗಾರೆ, ಬೆಲ್ಲ, ಅಳಲೆಕಾಯಿಯ ನೀರು, ಮೇಲೆ ಕರಲು ಮಣ್ಣು: ಇವು ಹಳೆಯದರ ಮೇಲಿನ ಮೋಹದ ಮಾತಲ್ಲ, ಆ ಗೋಡೆಗೆ ಹೊಂದುವ ಸಾಮಗ್ರಿ. ಇದನ್ನು ಬಲ್ಲ ಉಪ್ಪಾರರೂ ಬಡಿಗರೂ ಈಗ ಮುದುಕರಾಗಿದ್ದಾರೆ. ಗುತ್ತಿಗೆದಾರರ ದರಪಟ್ಟಿಯಲ್ಲಿ ಅವರ ಕೆಲಸಕ್ಕೆ ಜಾಗ ಸಿಗದಿದ್ದರೆ, ಸರಕಾರ ಹಣ ಕೊಟ್ಟರೂ ವಾಡೆ ಹಾಳಾಗುತ್ತದೆ, ಸ್ವಲ್ಪ ಹೆಚ್ಚು ಖರ್ಚಿನಲ್ಲಿ.

ಹೀಗಿರುವಾಗ ಯಾರು ಏನು ಮಾಡಬಹುದು? ಖಾಸಗಿ ವಾಡೆಗಳನ್ನು ಒಡೆಯರಿಂದ ಕಿತ್ತುಕೊಳ್ಳುವ ಮಾತು ನಡೆಯದು, ನಡೆಯಲೂಬಾರದು. ಊರಿನಲ್ಲಿಲ್ಲದ ಪಾಲುದಾರರು ದೀರ್ಘಾವಧಿಯ ಕರಾರಿನ ಮೇಲೆ ಮಹಿಳಾ ಸಂಘಕ್ಕೋ ರೈತ ಉತ್ಪಾದಕರ ಕಂಪನಿಗೋ ಮನೆಯನ್ನು ಬಿಟ್ಟುಕೊಡಲು ಒಪ್ಪಿದರೆ, ದುರಸ್ತಿಯ ವೆಚ್ಚದಲ್ಲಿ ಸರಕಾರ ಪಾಲು ಹಾಕಲಿ. ಕರಾರಿನಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು: ಹೆಬ್ಬಾಗಿಲು ಊರಿನ ಯಾವ ಕೇರಿಯವರಿಗೂ ಮುಚ್ಚಿರಬಾರದು, ಹಗೇವಿನ ಬಡ್ಡಿ ಯಾರ ಬೆನ್ನನ್ನೂ ಮುರಿಯಬಾರದು. ಸಾವೆ, ನವಣೆ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುವ ‘ರೈತ ಸಿರಿ’ ಯೋಜನೆಯನ್ನು ರಾಜ್ಯ ಸರಕಾರ ರೂಪಿಸಿತು. ಬೆಳೆಯುವ ಕೈಗೆ ಹಣ ಕೊಟ್ಟರೂ ಹೊಟ್ಟು ಬಿಡಿಸುವ ಯಂತ್ರ ಹತ್ತು ಹದಿನೈದು ಹಳ್ಳಿಗಳಿಗೊಂದಾದರೂ ಇರದಿದ್ದರೆ ಕಾಳು ಮತ್ತೆ ನಾಸಿಕದ ದಾರಿ ಹಿಡಿಯುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಸ್ಥಾಪನೆಯಾದದ್ದು. ಅಲ್ಲಿಯ ವಿಜ್ಞಾನಿಗಳು ಈ ಸೀಮೆಯ ಜವೆ ಗೋಧಿಯಿಂದ ಡಿಡಿಕೆ–1025, ಡಿಡಿಕೆ–1029ರಂಥ ತಳಿಗಳನ್ನು ಹೊರತಂದರು. ಸಾವೆ, ನವಣೆಗಳ ಮೇಲೂ ಕೆಲಸ ಮಾಡಿದ್ದಾರೆ. ಪ್ರತಿವರ್ಷದ ಕೃಷಿ ಮೇಳಕ್ಕೆ ಲಕ್ಷಾಂತರ ರೈತರು ಬರುತ್ತಾರೆ. ಹಳ್ಳಿಗಳಿಂದ ಒಯ್ದ ನಾಟಿ ತಳಿಗಳ ಒಂದೊಂದು ಹಿಡಿಯನ್ನು ಆಯಾ ಹಳ್ಳಿಯ ಬೀಜದ ಮನೆಗೆ ಮರಳಿಸುವ ಉದಾರತೆಯನ್ನು ಅದು ತೋರಬಹುದು. ಶೀತಲ ಕೋಣೆಯ ಬೀಜ ಜೀವದಿಂದಿರುತ್ತದೆ, ನಿಜ. ಆದರೆ ಬದಲಾದ ಮಳೆಗೆ ಹೊಂದಿಕೊಳ್ಳುವುದನ್ನು ಅದು ಹೊಲದಲ್ಲಿ ಮಾತ್ರ ಕಲಿಯುತ್ತದೆ.

ಇನ್ನು ನಗರದ ಸರದಿ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ಒಪ್ಪಿಗೆ ನೀಡಿತು. ಹೊಸ ಪಾಲಿಕೆಯೆಂದರೆ ಹೊಸ ಕಚೇರಿ, ಹೊಸ ವಾಣಿಜ್ಯ ಸಂಕೀರ್ಣ ಎಂಬ ಯೋಚನೆಯೇ ಮೊದಲು ಬರುತ್ತದೆ. ಕೈಯಲ್ಲಿರುವ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಒಂದನ್ನಾದರೂ ಸುತ್ತಲಿನ ಹಳ್ಳಿಗಳ ರೈತ ಮಹಿಳೆಯರಿಗೆ ವಾರದ ಕಾಳಿನ ಸಂತೆಗಾಗಿ, ಗಿರಣಿಗಾಗಿ, ಬೀಜ ವಿನಿಮಯಕ್ಕಾಗಿ ಬಿಟ್ಟುಕೊಡುವ ಧೈರ್ಯವನ್ನು ಈ ಪಾಲಿಕೆ ತೋರಲಿ. ಧಾರವಾಡ ಪೇಡೆಗೆ ಭೌಗೋಳಿಕ ಸೂಚಿಕೆ ದೊರೆತಾಗ ನಗರ ಹೆಮ್ಮೆಪಟ್ಟಿತು. ಆ ಪೇಡೆಯ ಹಿಂದಿರುವ ಧಾರವಾಡಿ ಎಮ್ಮೆಗೆ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ಈಚಿನ ವರ್ಷಗಳಲ್ಲಿ ಮಾತ್ರ. ಸಿಹಿಯ ಹೆಸರು ಮೊದಲು, ಎಮ್ಮೆಯ ಹೆಸರು ಆಮೇಲೆ. ಊಟದ ವಿಷಯದಲ್ಲಿಯೂ ನಗರ ಹೀಗೆಯೇ ನಡೆದುಕೊಳ್ಳುತ್ತದೆಂದು ನಮಗೆ ಅಂಜಿಕೆ.

ಈ ನೆಲಕ್ಕೆ ಚಳವಳಿಯ ಪಾಠವನ್ನು ನಾವೇನೂ ಹೇಳಿಕೊಡಬೇಕಾಗಿಲ್ಲ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ, ಧಾರವಾಡದ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಹಳ್ಳಿಗರು ಸಾಮೂಹಿಕ ಭೂಮಿಯ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಜನರಿಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೆಂದು ಅದು ಹೆಸರಾಯಿತು. ಆ ಹೆಸರಿನ ಎರಡನೆಯ ಪದವನ್ನು ನಮ್ಮ ಮಲೆನಾಡಿನ ಗೆಳೆಯರು ಆಗಲೇ ಮೆಚ್ಚಿಕೊಂಡಿದ್ದರು.

ನಮ್ಮ ಪಾಲಿನ ಕೆಲಸವೂ ಇದೆ. ಘಟ್ಟದ ಮೇಲಿನ ನಾಲ್ಕಂಕಣದ ಹಳೆಯ ಮನೆಗಳೂ ಮರಕ್ಕಾಗಿ ಮಾರಾಟವಾಗುತ್ತಿವೆ. ರೆಸಾರ್ಟುಗಳ ಹಜಾರಗಳಲ್ಲಿ ಅವುಗಳ ಮುಂಡಿಗೆಗಳನ್ನು ಕಾಣಬಹುದು. ಕಣಜವಿರುವ, ಅಟ್ಟವಿರುವ ಒಂದು ಮನೆ ನಿಮ್ಮ ಊರಿನಲ್ಲಿ ಖಾಲಿ ಬಿದ್ದಿದ್ದರೆ ನಮಗೆ ಬರೆಯಿರಿ. ಬಯಲಿನ ಬೀಜದ ಸಂಘಗಳೊಡನೆ ವಿನಿಮಯಕ್ಕಾಗಿ ಕೂರಿಗೆ ಭತ್ತದ ಹಳೆಯ ತಳಿಗಳು, ಮಳೆಗಾಲದ ತರಕಾರಿ ಬೀಜಗಳು ಯಾರ ಮನೆಯಲ್ಲಿವೆಯೆಂಬುದನ್ನೂ ತಿಳಿಸಿ. ಅವರು ಸಾವೆ, ನವಣೆ ಕೊಡುತ್ತಾರೆ. ಹಳೆಯ ಸಂತೆಯ ದಾರಿ ಎರಡೂ ಕಡೆಗೆ ನಡೆಯಲಿ.

ಹಿಂಗಾರಿ ಜೋಳ ಮಾಘ, ಫಾಲ್ಗುಣದ ಹೊತ್ತಿಗೆ ಕಣಕ್ಕೆ ಬರುತ್ತದೆ. ಅಷ್ಟರೊಳಗೆ ಕುಂದಗೋಳದ ಕಡೆಯ ಒಂದು ಹಳ್ಳಿಯಲ್ಲಾದರೂ ಹಗೇವಿನ ಬಾಯಿ ತೆಗೆದು, ದೀಪ ಇಳಿಸಿ ನೋಡಿ, ಗಾಳಿಯಾಡಿಸಿ, ಗೋಡೆ ಒಣಗಿಸಿ, ಹೊಸ ದಂಟು ಹಾಸಬೇಕು. ಹಾಸುವುದು ಹೇಗೆಂದು ತೋರಿಸಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ.